ಹನ್ನೊಂದು ಒಲೆಗಳಿಗೆ ಹಾಲುಕ್ಕಿಸಿದ ದೊಡ್ಡತಾಯಮ್ಮ

ಬೆಳಗಿನ ಐದೂವರೆ ಗಂಟೆ. ಹೊಳೆನರಸೀಪುರದ ಊರಾಚೆಯ ಮೈದಾನದಲ್ಲಿ ಐವತ್ತೈದರ ಆಸುಪಾಸಿನ ಹೆಂಗಸೊಬ್ಬರು ಸೀರೆ ಎತ್ತಿಕಟ್ಟಿ ಬಿದಿರು ಸೀಳುತ್ತಿದ್ದಾರೆ. ಗಳದ ಬುಡವನ್ನು ಎಡಗಾಲಿನಿಂದ ಒತ್ತಿ ಹಿಡಿದು, ತುದಿಗೆ ಮಚ್ಚಿನ ಬಾಯಿ ಇಟ್ಟು, ಮಚ್ಚಿನ ಬೆನ್ನಿಗೆ ಕಲ್ಲಿನಿಂದ ಎರಡೇ ಏಟು. ಗಳ ಪಟಪಟನೆ ಸದ್ದು ಮಾಡುತ್ತಾ ಬುಡದವರೆಗೂ ಬಿರಿಯುತ್ತದೆ. ಎರಡು ನಾಲ್ಕಾಗಿ, ನಾಲ್ಕು ಎಂಟಾಗಿ, ಸೂರ್ಯ ಕಾಣಿಸುವ ಹೊತ್ತಿಗೆ ಅವರ ಪಕ್ಕದಲ್ಲಿ ದಬ್ಬೆಗಳ ದೊಡ್ಡ ರಾಶಿ. ನಾನು ಪುಸ್ತಕ, ಪೆನ್ಸಿಲು ಹಿಡಿದು ಹತ್ತಿರ ಹೋಗುತ್ತೇನೆ. ಅವರು ತಲೆ ಎತ್ತುವುದಿಲ್ಲ.

"ಅತ್ಲಾಗೆ ಸರ್ಕಳಿ ಸಾ. ದಬ್ಬೆ ಸಿಡದ್ರೆ ಕಣ್ಣಿಗೇ ಬರಾದು."

ಸರಿದು ನಿಲ್ಲುತ್ತೇನೆ. ಒಂದು ವಿಷಯ ಮೊದಲೇ ಒಪ್ಪಿಕೊಂಡುಬಿಡಬೇಕು. ನಾನು ಇದೇ ಊರಿನವನು. ಚಿಕ್ಕಂದಿನಲ್ಲಿ ಊರೊಳಗೆ ಪ್ಲೇಗಿನ ಇಲಿ ಸತ್ತು ಬಿತ್ತು ಎಂದ ಕೂಡಲೇ ನಮ್ಮ ತಂದೆ ಮನೆಗೆ ಬೀಗ ಹಾಕಿ, ನಮ್ಮನ್ನೆಲ್ಲ ಗಾಡಿಗೆ ತುಂಬಿಕೊಂಡು ಈ ಷೆಡ್ಡು ಮೈದಾನಕ್ಕೆ ಬರುತ್ತಿದ್ದರು. ನಾಲ್ಕು ಚಳಿಗಾಲ ದೊಡ್ಡತಾಯಮ್ಮ ಕಟ್ಟಿದ ಷೆಡ್ಡಿನಲ್ಲಿ ಬೆಚ್ಚಗೆ ಮಲಗಿ ಪ್ಲೇಗಿನ ಬಾಯಿಂದ ತಪ್ಪಿಸಿಕೊಂಡವನು ನಾನು. ಕಟ್ಟಿದವರ ಹೆಸರೇನು ಎಂದು ಕಳೆದ ತಿಂಗಳವರೆಗೆ ಕೇಳಿರಲಿಲ್ಲ. ನಾಚಿಕೆಗೇಡು, ಬೇರೆ ಮಾತಿಲ್ಲ.

ಅರಕಲಗೂಡು ಕಡೆಯ ಒಂದು ಸಣ್ಣ ಹಳ್ಳಿ ಅವರ ತವರು. ಹದಿನಾರಕ್ಕೆ ಮದುವೆಯಾಗಿ ಈ ಊರಿಗೆ ಬಂದರು. ಗಂಡ ಬಿದಿರು ಕೆಲಸದವರು. ಪ್ಲೇಗಿನ ಕಾಲದಲ್ಲಿ ಊರಿನ ಅನುಕೂಲಸ್ಥರಿಗೆಲ್ಲ ಷೆಡ್ಡು ಕಟ್ಟಿಕೊಟ್ಟ ಆ ಮನುಷ್ಯನಿಗೆ ತನಗೊಂದು ಕಟ್ಟಿಕೊಳ್ಳಲು ಪುರುಸೊತ್ತಾಗಲಿಲ್ಲ. ಒಂದು ಚಳಿಗಾಲ ಊರೊಳಗಿನ ಗುಡಿಸಿಲಲ್ಲೇ ಜ್ವರ ಬಂದು, ಗಡ್ಡೆ ಎದ್ದು, ಮೂರನೆಯ ದಿನಕ್ಕೆ ತೀರಿಕೊಂಡರು. ಅರ್ಧ ಕಟ್ಟಿದ ಆರು ಷೆಡ್ಡುಗಳು ಹಾಗೇ ನಿಂತಿದ್ದವು. ಹನ್ನೊಂದನೆಯ ದಿನ ಕಳೆದು ಹನ್ನೆರಡಕ್ಕೆ ದೊಡ್ಡತಾಯಮ್ಮ ಗಂಡನ ಮಚ್ಚು ಕೈಗೆತ್ತಿಕೊಂಡರು. ಹೆಂಗಸು ಗಳ ಕಡಿಯುವುದೇ ಎಂದು ನಕ್ಕವರು, ಚಳಿ ಬಿದ್ದ ಮೇಲೆ ಬಾಯಿ ಮುಚ್ಚಿಕೊಂಡು ಅದೇ ಷೆಡ್ಡಿನಲ್ಲಿ ಮಲಗಿದರು. ಅದಕ್ಕೆ ಈಗ ಮೂವತ್ತು ವರ್ಷ.

ಒಂದು ಷೆಡ್ಡಿಗೆ ಇಪ್ಪತ್ತಾರು ಗಳ, ಹದಿನಾಲ್ಕು ತಡಿಕೆ, ಇನ್ನೂರರ ಹತ್ತಿರ ಹೆಣೆದ ತೆಂಗಿನ ಗರಿ. ಗಳ ಅರಕಲಗೂಡಿನ ಕಡೆಯಿಂದ, ಗರಿ ಚನ್ನರಾಯಪಟ್ಟಣದ ಕಡೆಯಿಂದ. ತಡಿಕೆ ಎಂದರೆ ದಬ್ಬೆಯಲ್ಲಿ ಹೆಣೆದ ಗೋಡೆ. ದಿನಕ್ಕೆ ಮೂರು ಹೆಣೆಯುವುದು ಅವರ ಲೆಕ್ಕ. ಜೊತೆಗೆ ಐದು ಜನ ಆಳು. ಷೆಡ್ಡಿನ ಸಾಮಾನು ಆಯಾ ಮನೆಯವರದೇ. ಪ್ರತಿ ಗಳದ ಮೇಲೂ ಮನೆಯ ಗುರುತು ಕೊರೆದಿರುತ್ತದೆ. ಬೇಡದ ಕಾಲದಲ್ಲಿ ಅದನ್ನೆಲ್ಲ ಮೈದಾನದ ಅಂಚಿನ ಉದ್ದನೆಯ ಕೊಟ್ಟಿಗೆಯಲ್ಲಿ ಜೋಡಿಸಿ, ಗೆದ್ದಲು ಹತ್ತದಂತೆ ಕಾಯುವುದು ದೊಡ್ಡತಾಯಮ್ಮನ ಜವಾಬ್ದಾರಿ. ಮೂವತ್ತು ವರ್ಷದಲ್ಲಿ ಒಬ್ಬರ ಒಂದು ಗಳ ಇನ್ನೊಬ್ಬರ ಷೆಡ್ಡಿಗೆ ಹೋದದ್ದಿಲ್ಲ ಎಂದು ಊರೇ ಹೇಳುತ್ತದೆ. ಕಳೆದ ಜೂನಿನವರೆಗೆ.

ಕಳೆದ ಜೂನಿನಲ್ಲಿ, ಜಿಟಿಜಿಟಿ ಮಳೆಯ ಒಂದು ಸಂಜೆ, ರೈಲಿನಿಂದ ಹನ್ನೊಂದು ಸಂಸಾರ ಇಳಿದವು. ಜಪಾನಿನವರು ಬರ್ಮಾದ ರಂಗೂನಿಗೆ ಬಾಂಬು ಹಾಕಿದಾಗ ಊರು ಬಿಟ್ಟವರು. ಕಾಡು ಬೆಟ್ಟ ಹತ್ತಿಳಿದು, ಎರಡು ತಿಂಗಳು ನಡೆದು ಮಣಿಪುರ ಮುಟ್ಟಿ, ಅಲ್ಲಿಂದ ಕ್ಯಾಂಪಿನಿಂದ ಕ್ಯಾಂಪಿಗೆ, ರೈಲಿನಿಂದ ರೈಲಿಗೆ ಬಂದವರು. ಹೆಚ್ಚಿನವರು ರಂಗೂನಿನ ಅಕ್ಕಿ ಗಿರಣಿಯ ತೆಲುಗು ಕೂಲಿಗಳು. ಅವರನ್ನು ಕರೆತಂದವನು ರಂಗೂನಿನಲ್ಲಿ ಅವರದೇ ಓಣಿಯ ದರ್ಜಿ ಪಾಲಾಕ್ಷ. ಪಾಲಾಕ್ಷನ ತಂದೆ ಅರಕಲಗೂಡಿನಿಂದ ರಂಗೂನಿಗೆ ಹೋದವರು. ಸಾಯುವ ಮುಂಚೆ ಮಗನಿಗೆ ಊರಿನ ಮನೆ, ಬಾವಿ, ಹಿತ್ತಲು ಎಲ್ಲವನ್ನೂ ಬಣ್ಣಿಸಿದ್ದರಂತೆ. ದಿಕ್ಕಿಲ್ಲದ ಹತ್ತು ಸಂಸಾರಗಳಿಗೆ ಪಾಲಾಕ್ಷ ದಾರಿಯುದ್ದಕ್ಕೂ ಅದೇ ಮನೆಯ ಆಸೆ ತೋರಿಸಿ ನಡೆಸಿದ್ದ. ಅರಕಲಗೂಡಿಗೆ ಹೋಗಿ ನೋಡಿದರೆ ಮನೆಯ ಜಾಗದಲ್ಲಿ ಯಾರದೋ ಹೊಗೆಸೊಪ್ಪಿನ ಹೊಲ. ಗುರುತು ಹಿಡಿಯುವ ಒಬ್ಬ ನೆಂಟನೂ ಉಳಿದಿರಲಿಲ್ಲ. ನಾಲ್ಕನೆಯ ದಿನ ಎಲ್ಲರೂ ನಡೆದುಕೊಂಡೇ ಹೊಳೆನರಸೀಪುರಕ್ಕೆ ವಾಪಸು ಬಂದರು.

ಊರಿನಲ್ಲಿ ಅವರಿಗೆ ಬಾಡಿಗೆಗೆ ಮನೆ ಸಿಗಲಿಲ್ಲ. ಯಾವ ಜನ, ಎಂಥ ರೋಗ ತಂದಿದ್ದಾರೋ ಎಂದು ಬಾಗಿಲ ಸಂದಿನಿಂದಲೇ ಮಾತಾಡಿಸಿ ಕಳಿಸಿದವರಲ್ಲಿ ನನ್ನ ಬಂಧುಗಳೂ ಇದ್ದಾರೆ. ಮಳೆ ಜೋರಾಯಿತು. ಮೈದಾನದ ಹುಣಸೆ ಮರದ ಕೆಳಗೆ ಐವತ್ತಮೂರು ಜನ ನೆನೆಯುತ್ತಾ ನಿಂತದ್ದನ್ನು ದೊಡ್ಡತಾಯಮ್ಮ ನೋಡಿದರು. ಕೊಟ್ಟಿಗೆಯ ಬೀಗ ತೆಗೆದರು.

ಯಾರ ಅಪ್ಪಣೆಯನ್ನಾದರೂ ಕೇಳಿದ್ದಿರಾ ಎಂದು ನಾನು ಕೇಳುತ್ತೇನೆ. ಅವರು ಮಚ್ಚು ಕೆಳಗಿಡುತ್ತಾರೆ. "ಮಳೇಲಿ ನಿಂತವ್ರನ್ನ ನಿಲ್ಸಿ, ಮನೆ ಮನೆಗೂ ಓಗಿ ಕೇಳ್ಕೊಂಡು ಬರಾಕಾಯ್ತದಾ ಸಾ? ಕಾರ್ತೀಕದೊಳಗೆ ಬಿಚ್ಚಿ ಮಡಗ್ಬುಟ್ರೆ ಆಯ್ತು ಅಂದ್ಕಂಡೆ. ಚಳಿ ಬೀಳೋಗಂಟ ಇತ್ಲಾಗೆ ಯಾರೂ ತಲೆ ಆಕಲ್ಲ, ಗೊತ್ತಾಗಾದೇ ಇಲ್ಲ ಅಂದ್ಕಂಡೆ."

ತಡಿಕೆ, ಗರಿ ಎಲ್ಲ ಹೆಣೆದೇ ಇದ್ದದ್ದರಿಂದ ಎರಡೂವರೆ ದಿನದಲ್ಲಿ ಹನ್ನೊಂದು ಷೆಡ್ಡು ಎದ್ದವು. ಇಲ್ಲೇ ದೊಡ್ಡತಾಯಮ್ಮ ಒಂದು ಎಡವಟ್ಟು ಮಾಡಿಕೊಂಡರು. ಷೆಡ್ಡು ಮೈದಾನದಲ್ಲಿ ಒಂದು ಕಟ್ಟಳೆ ಇದೆ. ಷೆಡ್ಡು ಕಟ್ಟಿ ಮುಗಿದ ಮೇಲೆ ಕಟ್ಟಿದವರೇ ಮೂರು ಕಲ್ಲಿನ ಒಲೆ ಹೂಡಿ, ಬಂದಿರುವ ಮನೆಯವರ ಹೆಸರು ಹೇಳಿ ಹಾಲುಕ್ಕಿಸಿ ಕೊಡಬೇಕು. ಯಾರ ಹೆಸರಿಗೆ ಹಾಲುಕ್ಕಿತೋ ಒಲೆ ಅವರದು. ಆ ಮನೆಯ ಹೆಂಗಸು ತಾನಾಗಿ ಒಳಗೆ ಕರೆದು ತನ್ನ ಒಲೆಯ ಕೆಂಡ ಕೊಡುವ ತನಕ ಬೇರೆ ಯಾರೂ ಅಲ್ಲಿ ಅನ್ನಕ್ಕಿಡುವ ಹಾಗಿಲ್ಲ. ಹಾಗೆ ಇಟ್ಟರೆ ಊರಲ್ಲಿ ಬಿಟ್ಟುಬಂದ ಮಾರಿ ಹುಡುಕಿಕೊಂಡು ಬರುತ್ತಾಳೆ ಎಂದು ನಂಬಿಕೆ. ಕದ್ದು ಕಟ್ಟಿದ ಷೆಡ್ಡಿಗೆ ಹಾಲುಕ್ಕಿಸುವುದು ಬೇಕಿರಲಿಲ್ಲ. ಆದರೆ ಮೂವತ್ತು ವರ್ಷ ಮಾಡಿದ ಕೆಲಸ.

"ಅನ್ನೊಂದ್ನೇ ಷೆಡ್ಡಲ್ಲಿ ಆಲು ಉಕ್ಕೋವಾಗ ಗ್ಯಾನ ಬಂತು ಸಾ. ಗಳ ಬೆಲ್ಲದ ಷಡಕ್ಷರಿಯೋರ್ದು, ಉಕ್ತಿರೋ ಆಲು ರಂಗೂನಿಂದ ಬಂದ ಅಪ್ಪಲಮ್ಮನ ಎಸರ್ಗೆ. ತಲೆ ಬ್ಯಾಡ ಅನ್ನೋ ಒತ್ತಿಗೆ ಕೈ ಮಾಡ್ಬುಟ್ಟಿತ್ತು." ಹೇಳಿ ಅವರೇ ನಗುತ್ತಾರೆ. ಆಗ ನಗು ಬಂದಿರಲಿಕ್ಕಿಲ್ಲ. ಊರಿನ ಹನ್ನೊಂದು ಮನೆಯವರ ಷೆಡ್ಡಿನ ಒಲೆ, ಅವರಿಗೆ ತಿಳಿಯದೆಯೇ ರಂಗೂನಿನವರ ಪಾಲಾಗಿತ್ತು. ದೊಡ್ಡತಾಯಮ್ಮ ಯಾರಿಗೂ ಬಾಯಿ ಬಿಡಲಿಲ್ಲ.

ಷೆಡ್ಡಿನಿಂದ ಇನ್ನೊಂದು ಉಪಕಾರವೂ ಆಯಿತು. ಪಾಲಾಕ್ಷನ ಹೆಂಡತಿಗೆ ಮಲೇರಿಯಾ ಹಿಡಿದು ದಿನ ಬಿಟ್ಟು ದಿನ ನಡುಗುತ್ತಿದ್ದಳು. ಆಸ್ಪತ್ರೆಯಲ್ಲಿ ಔಷಧದ ಚೀಟಿ ಬರೆಯುವಾಗ ಹೆಸರು, ಊರು, ಮನೆ ನಂಬರು ಕೇಳುತ್ತಿದ್ದರು. ಊರು ರಂಗೂನು, ಮನೆ ಇಲ್ಲ ಎಂದರೆ ಏನು ಬರೆಯಬೇಕೆಂದು ಬರೆಯುವವರಿಗೂ ತಿಳಿಯುತ್ತಿರಲಿಲ್ಲ. ಪಾಲಾಕ್ಷ ಎರಡು ಸಲ ಬರಿಗೈಯಲ್ಲಿ ಬಂದ. ಅಕ್ಷರ ಬಾರದ ದೊಡ್ಡತಾಯಮ್ಮ ಅವನ ಕೈಲೇ ಹನ್ನೊಂದು ಬಾಗಿಲಿಗೂ ಸುಣ್ಣದಲ್ಲಿ ನಂಬರು ಬರೆಸಿದರು. ಮೂರನೆಯ ಸಲ ತಾವೇ ಜೊತೆಗೆ ಹೋಗಿ, ನಾಲ್ಕನೇ ನಂಬರು, ಷೆಡ್ಡು ಮೈದಾನ, ಹೊಳೆನರಸೀಪುರ ಎಂದು ಗಟ್ಟಿಯಾಗಿ ಹೇಳಿದರು. ಚೀಟಿ ಬಂತು, ಕ್ವಿನೈನು ಬಂತು. ಆಮೇಲೆ ಆ ಹನ್ನೊಂದು ಮನೆಯ ಯಾರಿಗೆ ಕಾಯಿಲೆಯಾದರೂ ಔಷಧಕ್ಕೆ ತಡೆಯಾಗಲಿಲ್ಲ. ಗಂಡಸರು ಮಂಡಿಯಲ್ಲಿ ಮೂಟೆ ಹೊತ್ತರು, ಹೆಂಗಸರು ಗದ್ದೆ ಕೆಲಸಕ್ಕೆ ಹೋದರು. ಪಾಲಾಕ್ಷ ಹಳೆಯ ಹೊಲಿಗೆ ಯಂತ್ರವೊಂದನ್ನು ಹೊಂದಿಸಿಕೊಂಡ. ನಾಲ್ಕು ತಿಂಗಳು ನೆಮ್ಮದಿಯಾಗಿ ಕಳೆದವು.

ದೀಪಾವಳಿ ಮುಗಿದ ಎಂಟನೆಯ ದಿನ ಪೇಟೆ ಬೀದಿಯಲ್ಲಿ ಇಲಿ ಬಿತ್ತು.

ಅಷ್ಟು ಬೇಗ ಬಿದ್ದದ್ದನ್ನು ಯಾರೂ ಕಂಡಿರಲಿಲ್ಲ. ದೊಡ್ಡತಾಯಮ್ಮನಿಗೆ ಬಿಚ್ಚಲು ಸಮಯ ಸಿಗಲಿಲ್ಲ. ಬಿಚ್ಚಿದರೆ ಆ ಹನ್ನೊಂದು ಸಂಸಾರವನ್ನು ಎಲ್ಲಿಗೆ ಕಳಿಸುವುದೆಂದೂ ಗೊತ್ತಿರಲಿಲ್ಲ. ಬೆಳಗಾಗುವುದರೊಳಗೆ ಗಾಡಿಗಳು ಮೈದಾನದ ದಾರಿ ಹಿಡಿದವು. ಮೊದಲ ಗಾಡಿ ಬೆಲ್ಲದ ವ್ಯಾಪಾರಿ ಷಡಕ್ಷರಿಯವರದು. ಗಾಡಿಯಲ್ಲಿ ಪಾತ್ರೆ ಪಡಗ, ಹಾಸಿಗೆ ಸುರುಳಿ, ಮೇಲೆ ಎಂಬತ್ತು ವರ್ಷದ ತಾಯಿ ರೇವಮ್ಮ. ಷೆಡ್ಡು ಕಟ್ಟಿಸೋಣ ಎಂದು ಬಂದವರಿಗೆ ತಮ್ಮ ಗುರುತಿನ ಗಳದ ಷೆಡ್ಡು ಆಗಲೇ ನಿಂತಿರುವುದು ಕಂಡಿತು. ಸಂತೋಷಪಡುವಷ್ಟರಲ್ಲಿ ಅದರ ಸೂರಿನಿಂದ ಹೊಗೆಯೂ ಕಂಡಿತು.

ಷಡಕ್ಷರಿಯವರ ಕೋಪ ಊರಿಗೆ ಗೊತ್ತು. ಅವತ್ತು ಅವರು ಆಡಿದ ಮಾತಿನಲ್ಲಿ ಅರ್ಧದಷ್ಟು ಇಲ್ಲಿ ಬರೆಯುವಂಥದ್ದಲ್ಲ. ನಂಬಿ ಕೊಟ್ಟ ಸಾಮಾನನ್ನು ಕಂಡಕಂಡವರಿಗೆ ಹಂಚಿದವಳು ಇನ್ನು ಮೈದಾನಕ್ಕೆ ಕಾಲಿಡಕೂಡದು, ಮಧ್ಯಾಹ್ನದೊಳಗೆ ಹನ್ನೊಂದು ಷೆಡ್ಡೂ ಖಾಲಿಯಾಗಬೇಕು ಎಂಬುದು ಸಾರಾಂಶ. ಹಿಂದೆ ಬಂದ ಗಾಡಿಯವರೂ ದನಿ ಸೇರಿಸಿದರು. ಒಳಗಿನವರು ಆಗಲೇ ಗಂಟು ಕಟ್ಟತೊಡಗಿದ್ದರು. ಗಂಟು ಕಟ್ಟುವುದು ಅವರಿಗೆ ಆ ವರ್ಷ ಚೆನ್ನಾಗಿ ರೂಢಿಯಾಗಿತ್ತು ಎಂದು ಪಾಲಾಕ್ಷ ನನಗೆ ಹೇಳಿದ.

ಆಗ ಗಾಡಿಯ ಮೇಲಿಂದ ರೇವಮ್ಮನವರು ಕೇಳಿದ್ದು ಒಂದೇ ಮಾತು: ಒಲೆಗೆ ಹಾಲುಕ್ಕಿಸಿದ್ದು ಯಾರ ಹೆಸರಿಗೆ?

ನಿಮ್ಮ ಹೆಸರಿಗೇ ಎಂದು ದೊಡ್ಡತಾಯಮ್ಮ ಹೇಳಿಬಿಡಬಹುದಿತ್ತು. ಹೇಳಿದ್ದರೆ ಅವರ ಕೆಲಸ ಉಳಿಯುತ್ತಿತ್ತೋ ಏನೋ. ಒಬ್ಬರ ಷೆಡ್ಡಿನ ಒಲೆಯನ್ನು ಇನ್ನೊಬ್ಬರ ಪಾಲು ಮಾಡಿದವಳು ಎಂದು ಹೆಸರಾದರೆ ಮುಂದೆ ಯಾರೂ ಷೆಡ್ಡಿಗೆ ಕರೆಯುವುದಿಲ್ಲವೆಂದು ಅವರಿಗೆ ಗೊತ್ತಿತ್ತು.

"ನಾಲಗೆ ತುದಿಗೆ ಬಂದಿತ್ತು ಸಾ, ಸುಳ್ಳು. ಅಪ್ಪಲಮ್ಮ ಗಂಟು ಎತ್ಕಂಡು ನಿಂತಿದ್ಲು. ನನ್ನ ಅನ್ನ ಓದ್ರೆ ಓಗ್ಲಿ ಅಂದು ಏಳ್ಬುಟ್ಟೆ. ಅನ್ನೊಂದೂ ಅವ್ರ ಎಸರ್ಗೇ ಉಕ್ಕಿರಾದು ಅಂದೆ."

ರೇವಮ್ಮನವರು ಗಾಡಿಯಿಂದ ಇಳಿಯಲಿಲ್ಲ. ಮಗ ಬೇಡಿಕೊಂಡರು, ಗದರಿದರು, ಅದೆಲ್ಲ ಹಳೆಯ ಕಾಲದ ಮಾತು ಎಂದರು. ಹಳೆಯ ಕಾಲದ ಮಾತಿನಿಂದಲೇ ಇಷ್ಟು ವರ್ಷ ಬದುಕಿದ್ದೇನೆ ಎಂದು ಅವರು ಕಣ್ಣು ಮುಚ್ಚಿ ಕುಳಿತರು. ಸುದ್ದಿ ಗಾಡಿಯಿಂದ ಗಾಡಿಗೆ ಹರಡಿತು. ಹತ್ತು ಗಂಟೆಯ ಹೊತ್ತಿಗೆ ಒಂಬತ್ತು ಗಾಡಿ ಸಾಲಾಗಿ ನಿಂತಿದ್ದವು. ಷೆಡ್ಡು ತಮ್ಮದು, ಒಲೆ ತಮ್ಮದಲ್ಲ. ಊರಿಗೆ ವಾಪಸು ಹೋದರೆ ಪ್ಲೇಗು, ಒಳಗೆ ಹೋದರೆ ಮಾರಿ. ಜೂನಿನ ಮಳೆಯಲ್ಲಿ ಬಾಗಿಲ ಸಂದಿನಿಂದ ಮಾತಾಡಿಸಿದ್ದ ನಮ್ಮ ಊರಿನ ಘನವಂತರು ಬಿಸಿಲಿನಲ್ಲಿ ಪೆಟ್ಟಿಗೆಗಳ ಮೇಲೆ ಕುಳಿತು ಬೆವರು ಒರೆಸಿಕೊಳ್ಳುತ್ತಿದ್ದ ದೃಶ್ಯವನ್ನು ನಾನು ಕಣ್ಣಾರೆ ಕಂಡೆ. ನಮ್ಮ ಪೆಟ್ಟಿಗೆಯೂ ಅಲ್ಲೇ ಇತ್ತು. ಆಮೇಲೆ ನಡೆದದ್ದು ಮಾತ್ರ ಅವತ್ತು ನನಗೆ ತಿಳಿಯಲಿಲ್ಲ. ಸಾಲಿನ ಮುಂದೇನಾಗುತ್ತಿದೆ ಎಂದು ಎದ್ದು ಹೋಗಿ ನೋಡುವ ಬುದ್ಧಿಯೂ ನನಗೆ ಬರಲಿಲ್ಲ. ಕಳೆದ ತಿಂಗಳು ಕೇಳಿ ತಿಳಿದದ್ದು.

ಈ ಕಟ್ಟಳೆಯ ಗಂಧ ಗಾಳಿಯೂ ಅಪ್ಪಲಮ್ಮನಿಗೆ ಗೊತ್ತಿರಲಿಲ್ಲ. ಗಿರಣಿ ಕೂಲಿಯ ವಿಧವೆ, ಕನ್ನಡ ಕಲಿತದ್ದೇ ನಡೆದ ದಾರಿಯಲ್ಲಿ ಪಾಲಾಕ್ಷನಿಂದ. ಎಲ್ಲ ಏಕೆ ನಿಂತಿದ್ದಾರೆಂದು ಅವಳಿಗೆ ಅರ್ಥವಾಗಲಿಲ್ಲ. ಮುದುಕಿ ಬಿಸಿಲಲ್ಲಿ ಕುಳಿತಿದ್ದಾಳೆ ಎಂಬುದಷ್ಟೇ ಕಂಡಿತು. ಗಂಟು ಕೆಳಗಿಟ್ಟು, ಚೊಂಬಿನಲ್ಲಿ ನೀರು ತಂದು ಗಾಡಿಯ ಬಳಿ ನಿಂತಳು. "ಅಮ್ಮಾ, ಬಿಸಿಲು. ಒಳಗೆ ಬಂದು ಕೂತ್ಕೋ" ಎಂದಳು.

ರೇವಮ್ಮನವರು ಕಣ್ಣು ತೆರೆದರು. ದೊಡ್ಡತಾಯಮ್ಮನ ಕೈ ಹಿಡಿದು ಇಳಿದರು. ಒಳಗೆ ಹೋಗಿ ಕುಳಿತು ಕೆಂಡ ಕೇಳಿದರು. ಅಪ್ಪಲಮ್ಮ ತೆಂಗಿನ ಕರಟದಲ್ಲಿ ಎರಡು ಕೆಂಡ ಇಟ್ಟು ಕೊಟ್ಟಳು. ಕಟ್ಟಳೆ ಮುಗಿಯಿತು, ಇನ್ನು ಇವರನ್ನು ಕಳಿಸೋಣ ಎಂದು ಷಡಕ್ಷರಿಯವರು ಒಳಗೆ ಇಣುಕಿದಾಗ ತಾಯಿ ಕೊಟ್ಟ ಉತ್ತರ ಈಗ ಊರಿನ ಬಾಯಲ್ಲಿದೆ.

"ಕರ್ದೋಳ್ನ ಆಚೆ ಕಳ್ಸಿ ನಾನು ಉಣ್ಣಾಕಾಯ್ತದೇನಪ್ಪಾ? ಅವ್ಳೂ ಇರ್ಲಿ, ನಾನೂ ಇರ್ತೀನಿ. ದೊಡ್ಡತಾಯಿ, ನಡುವೆ ಒಂದು ತಡಿಕೆ ಕಟ್ಟವ್ವಾ."

ರೇವಮ್ಮನವರಂಥ ಶಿವಪೂಜೆಯ ಹಿರಿಯರು ಒಪ್ಪಿದ ಮೇಲೆ ಉಳಿದವರದೇನು? ಒಂದೊಂದು ಷೆಡ್ಡಿನ ಹೆಂಗಸೂ ಬಾಗಿಲಿಗೆ ಬಂದು ಕರೆದಳು. ಒಂದೊಂದು ಗಾಡಿಯೂ ಖಾಲಿಯಾಯಿತು. ಮಡಿ ಮೈಲಿಗೆಯವರೆಲ್ಲ ನಡುವೆ ತಡಿಕೆ ಕಟ್ಟಿಸಿಕೊಂಡರು, ನಮ್ಮ ಮನೆಯವರು ಎರಡು ಕಟ್ಟಿಸಿಕೊಂಡರು. ಆದರೆ ಗಾಡಿಯಲ್ಲಿ ಬಂದ ಒಬ್ಬರೂ ಅಂದು ಊರೊಳಗೆ ಮಲಗಲಿಲ್ಲ, ಹನ್ನೊಂದು ಸಂಸಾರದಲ್ಲಿ ಒಂದೂ ಬೀದಿಗೆ ಬೀಳಲಿಲ್ಲ.

ಗಾಡಿಗಳು ದಿನವೂ ಬರುತ್ತಲೇ ಇದ್ದವು. ಇನ್ನೂ ಇಪ್ಪತ್ತಮೂರು ಷೆಡ್ಡು ಬೇಕು, ಅವುಗಳ ತಡಿಕೆ ಹೊಸದಾಗಿಯೇ ಹೆಣೆಯಬೇಕು. ದೊಡ್ಡತಾಯಮ್ಮನ ಐದು ಆಳುಗಳಿಗೆ ಅದು ತಿಂಗಳ ಕೆಲಸ. ಅಷ್ಟರಲ್ಲಿ ರಂಗೂನಿನ ಗಂಡಸರು ಮಚ್ಚು ಕೇಳಿದರು. ಅವರು ಹುಟ್ಟಿದಂದಿನಿಂದ ಬಿದಿರಿನ ಮನೆಯಲ್ಲೇ ಇದ್ದವರು. ನೆಲದ ಮೇಲೆ ಷೆಡ್ಡು ಹೂಡುವ ನಮ್ಮ ರೀತಿ ನೋಡಿ ಅವರಿಗೆ ನಗು. ಎರಡು ಮೊಳ ಎತ್ತರಕ್ಕೆ ಕಂಬ ನಿಲ್ಲಿಸಿ, ಮೇಲೆ ದಬ್ಬೆಯ ಅಟ್ಟಣೆ ಹಾಸಿ, ಅದರ ಮೇಲೆ ಗೋಡೆ ಕಟ್ಟಿದರು. ಕೆಳಗೆ ಗಾಳಿ ಬೆಳಕು, ಇಲಿಗೆ ಬಿಲ ತೋಡಲು ಜಾಗವೇ ಇಲ್ಲ. ದೊಡ್ಡತಾಯಮ್ಮ ಮೊದಲನೆಯದನ್ನು ಸುತ್ತಿ ನೋಡಿ, ಮೇಲೆ ಹತ್ತಿ ಕುಣಿದು ನೋಡಿ, ಮೂವತ್ತು ವರ್ಷದ ತಮ್ಮ ವಿಧಾನವನ್ನು ಅಲ್ಲೇ ಬಿಟ್ಟರು. ಒಳ್ಳೆಯ ಕೆಲಸಗಾರರ ದೊಡ್ಡಗುಣ ಇದು. ಒಂಬತ್ತು ದಿನದಲ್ಲಿ ಇಪ್ಪತ್ತಮೂರು ಅಟ್ಟಣೆ ಷೆಡ್ಡು ನಿಂತವು. ಪ್ರತಿಯೊಂದಕ್ಕೂ ಸರಿಯಾದ ಹೆಸರಿಗೇ ಹಾಲುಕ್ಕಿಸಿದೆ ಎಂದು ಅವರು ನನಗೆ ಎರಡು ಸಲ ಹೇಳಿದರು.

ಡಿಸೆಂಬರಿನಲ್ಲಿ ಹಾಸನದಿಂದ ಪ್ಲೇಗಿನ ಸೂಜಿಮದ್ದು ಹಿಡಿದು ಡಾಕ್ಟರು ಬಂದರು. ಸೂಜಿ ಎಂದರೆ ನಮ್ಮ ಊರಿನ ಗಂಡಸರಿಗೆ ಜ್ವರಕ್ಕಿಂತ ಭಯ. ಮೊದಲ ದಿನ ಬೆಳಗಿನಿಂದ ಸಂಜೆಯವರೆಗೆ ಕಾದು ಡಾಕ್ಟರು ಚುಚ್ಚಿದ್ದು ಏಳು ತೋಳಿಗೆ. ಎರಡನೆಯ ದಿನ ದೊಡ್ಡತಾಯಮ್ಮ ಅಪ್ಪಲಮ್ಮನನ್ನು ಕರೆದುಕೊಂಡು ಹೋಗಿ ಮೇಜಿನ ಮುಂದೆ ನಿಂತರು. ಅಪ್ಪಲಮ್ಮ ತೋಳು ಒಡ್ಡಿದಳು. ಸುತ್ತ ನಿಂತವರಿಗೆ ಅವಳು ಹೇಳಿದ್ದು ಇಷ್ಟು: "ಸೂಜಿ ಇರೋ ಕ್ಯಾಂಪು ಇನ್ನೂ ಎರಡು ದಿನ ದೂರ ಇತ್ತು. ನನ್ನ ಗಂಡ ದಾರೀಲೇ ಕಾಲರಾಕ್ಕೆ ಹೋದ. ನಿಮಗೆ ಬಾಗಿಲಿಗೇ ಬಂದಿದೆ."

ಅವಳ ಹಿಂದೆಯೇ ದೊಡ್ಡತಾಯಮ್ಮ. ಅವರ ಹಿಂದೆ ರಂಗೂನಿನವರೆಲ್ಲ. ಆಮೇಲೆ ರೇವಮ್ಮನವರು ಕೋಲೂರಿಕೊಂಡು ಬಂದು ಸೆರಗು ಸರಿಸಿದಾಗ ಮಗ ಷಡಕ್ಷರಿಯವರಿಗೆ ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಅಂದು ಕತ್ತಲಾಗುವುದರೊಳಗೆ ಇನ್ನೂರ ಹನ್ನೆರಡು ಜನಕ್ಕೆ ಸೂಜಿ ಬಿತ್ತು. ನೂರ ತೊಂಬತ್ತನೆಯವನೋ ಏನೋ ನಾನು. ಆ ಚಳಿಗಾಲ ಊರೊಳಗೆ ಹಟ ಹಿಡಿದು ಉಳಿದವರಲ್ಲಿ ಸಾವಾಯಿತು. ಷೆಡ್ಡು ಮೈದಾನದ ಮೂವತ್ತನಾಲ್ಕು ಷೆಡ್ಡುಗಳಲ್ಲಿ ಒಂದೇ ಒಂದು ಜೀವವೂ ಹೋಗಲಿಲ್ಲ. ಹಿಂದೆಂದೂ ಹೀಗಾದದ್ದು ಯಾರ ನೆನಪಿನಲ್ಲೂ ಇಲ್ಲ. ಇದನ್ನು ಬರೆಯಲು ನನಗೆ ಬಹಳ ಸಂತೋಷ, ಮುಚ್ಚಿಡುವುದೇಕೆ?

ಜನವರಿಯಲ್ಲಿ ಚನ್ನರಾಯಪಟ್ಟಣದಿಂದ ಇಬ್ಬರು ಬಂದು ಅಟ್ಟಣೆ ಷೆಡ್ಡಿನ ಅಳತೆ ತೆಗೆದುಕೊಂಡು ಹೋದರು. ಹಾಸನದವರು ದೊಡ್ಡತಾಯಮ್ಮನನ್ನೇ ಕರೆಸಿಕೊಂಡರು. ಪಾಲಾಕ್ಷ ಮತ್ತು ನಾಲ್ಕು ಗಂಡಸರ ಜೊತೆ ಹೋಗಿ ಹದಿನೆಂಟು ಕಟ್ಟಿ ಬಂದರು. ಅಲ್ಲಿ ಯಾರೋ ನೀವು ಯಾವ ಊರಿನವರು ಎಂದು ಕೇಳಿದರಂತೆ. ಪಾಲಾಕ್ಷ ಯೋಚನೆ ಮಾಡದೆ ಹೊಳೆನರಸೀಪುರ ಎಂದನಂತೆ.

ಈಗ ಮಾರ್ಚಿ. ಊರು ಶುದ್ಧವಾಗಿದೆ, ಜನ ಮನೆಗಳಿಗೆ ಹಿಂತಿರುಗಿದ್ದಾರೆ. ಚಳಿ ಹೋದ ಮೇಲೆ ಷೆಡ್ಡು ಬಿಚ್ಚಿ ಮೈದಾನ ಬರಿದು ಮಾಡುವುದು ವಾಡಿಕೆ. ಇಪ್ಪತ್ತಮೂರನ್ನು ದೊಡ್ಡತಾಯಮ್ಮ ಬಿಚ್ಚಿಟ್ಟಾಗಿದೆ. ಹನ್ನೊಂದರ ವಿಷಯ ಮಾತಾಡಲು ಕಳೆದ ಸೋಮವಾರ ಊರಿನ ಪ್ರಮುಖರು ಸೇರಿದ್ದರು. ಸಾಮಾನು ಯಾರದು, ಜಾಗ ಯಾರದು, ಮುಂದಿನ ಸಲ ಇಲಿ ಬಿದ್ದರೆ ಏನು ಗತಿ ಎಂದು ಒಂದು ಗಂಟೆ ಚರ್ಚೆ. ದೊಡ್ಡತಾಯಮ್ಮ ಹೊರಗೆ ಜಗಲಿಯಲ್ಲಿ ಕುಳಿತಿದ್ದರು, ಪಕ್ಕದಲ್ಲಿ ಅಪ್ಪಲಮ್ಮ. ಕೊನೆಗೆ ಎದ್ದವರು ಷಡಕ್ಷರಿಯವರೇ. ತಮ್ಮ ಇಪ್ಪತ್ತಾರು ಗಳ ತಮಗೆ ಬೇಡ, ನಿಂತಲ್ಲೇ ನಿಂತಿರಲಿ ಎಂದರು. ಹೊಸ ಗಳ ತರಿಸಿಕೊಳ್ಳುತ್ತೇವೆ, ಅಟ್ಟಣೆ ಷೆಡ್ಡೇ ಬೇಕು, ಇವರೇ ಕಟ್ಟಿಕೊಡಲಿ ಎಂದರು. ಉಳಿದ ಹತ್ತು ಮನೆಯವರೂ ಕೈ ಎತ್ತಿದರು. ನಮ್ಮ ಮನೆಯದೂ ಅದರಲ್ಲೊಂದು.

ದೊಡ್ಡತಾಯಮ್ಮ ಈ ಬೆಳಿಗ್ಗೆ ಸೀಳುತ್ತಿರುವ ದಬ್ಬೆ ಅದಕ್ಕೇ. ಹನ್ನೊಂದು ಷೆಡ್ಡಿಗೂ ಎರಡನೆಯ ಗೋಡೆ ಹೆಣೆದು, ಮಳೆಗೆ ಮುಂಚೆ ಎರಡು ಕಡೆಯೂ ಮಣ್ಣು ಮೆತ್ತಬೇಕು. ಹೇಮಾವತಿಯ ದಡದಿಂದ ಮಣ್ಣು ಹೊರುವ ಸಾಲಿನಲ್ಲಿ ಅಪ್ಪಲಮ್ಮ ಮುಂದಿದ್ದಾಳೆ. ನಿಮಗೇನಾದರೂ ಬೇಕೆ, ಪತ್ರಿಕೆಯಲ್ಲಿ ಬರೆಯುತ್ತೇನೆ ಎಂದು ಕೇಳುತ್ತೇನೆ. ಅವರು ಮಚ್ಚಿನ ಬಾಯಿಗೆ ಬೆರಳಿಟ್ಟು ನೋಡಿ, ಮಳೆ ಎಂಟು ದಿನ ತಡವಾಗಿ ಬಂದರೆ ಸಾಕು ಎನ್ನುತ್ತಾರೆ. ಮುಂದಿನ ಗಳ ಎಳೆದುಕೊಳ್ಳುತ್ತಾರೆ. ಆಮೇಲೆ ಏನೋ ತೋಚಿದವರಂತೆ ಕೈ ನಿಲ್ಲಿಸಿ, ಬಿಸಿಲು ಬೀಳುತ್ತಿರುವ ಹನ್ನೊಂದು ಬಾಗಿಲುಗಳ ಕಡೆ ನೋಡುತ್ತಾರೆ.

"ಮೂವತ್ತು ವರ್ಸ ಕಟ್ಟಿವ್ನಿ ಸಾ, ನಾನು ಕಟ್ಟಿದ್ದು ಒಂದೂ ಬ್ಯಾಸ್ಗೆ ನೋಡಿಲ್ಲ. ಇವು ನೋಡ್ತವೆ."